ವಿಚಾರಣೆಯಿಲ್ಲದ ಸೆರೆ

ಅಪರಾಧವೆಸಗಿದವನನ್ನು ಸೆರೆಯಲ್ಲಿಡುವುದು ನ್ಯಾಯ. ಅಪರಾಧವೆಸಗಬಹುದೆಂಬ ಶಂಕೆಯಿಂದ ಒಂದು ಸಮುದಾಯವನ್ನೇ ಸೆರೆಯಲ್ಲಿಡುವುದು ಅನ್ಯಾಯ. ಯುದ್ಧಕಾಲದಲ್ಲಿ ಈ ಭೇದವನ್ನು ಮರೆತ ರಾಷ್ಟ್ರಗಳು ಹಲವು. ಭಾರತವೂ ಇದಕ್ಕೆ ಹೊರತಾಗಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಅಸ್ಸಾಮಿನ ಚಹಾ ತೋಟಗಳಿಗೆ ಚೀನೀ ಕೆಲಸಗಾರರನ್ನು ಕರೆತಂದರು. ಅವರಲ್ಲಿ ಹಲವರ ಸಂತತಿಯವರು ಮಾಕುಮ್ ಮೊದಲಾದ ಊರುಗಳಲ್ಲಿ ನೆಲೆನಿಂತು, ಸ್ಥಳೀಯರೊಡನೆ ವಿವಾಹಸಂಬಂಧ ಬೆಳೆಸಿ, ಅಲ್ಲಿನವರೇ ಆಗಿದ್ದರು. 1962ರಲ್ಲಿ ಭಾರತ-ಚೀನಾ ಯುದ್ಧವಾದಾಗ, ಅಸ್ಸಾಂ, ಡಾರ್ಜಿಲಿಂಗ್ ಮುಂತಾದೆಡೆಗಳಿಂದ ಸುಮಾರು 3,000 ಚೀನೀ ಮೂಲದವರನ್ನು ಬಂಧಿಸಿ, ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ರೈಲಿನಲ್ಲಿ ಸಾಗಿಸಲಾಯಿತು. ಅವರಲ್ಲಿ ವೃದ್ಧರಿದ್ದರು, ಹಸುಗೂಸುಗಳಿದ್ದವು. ಯಾವ ನ್ಯಾಯಾಲಯದಲ್ಲಿಯೂ ಅವರ ವಿಚಾರಣೆ ನಡೆಯಲಿಲ್ಲ. 1941ರಲ್ಲಿ ಬ್ರಿಟಿಷ್ ಸರ್ಕಾರವು ಜಯಪ್ರಕಾಶ ನಾರಾಯಣರನ್ನು ವಿಚಾರಣೆಯಿಲ್ಲದೆ ಇರಿಸಿದ್ದುದೂ ಇದೇ ದೇವ್ಲಿಯಲ್ಲಿ!

ಯುದ್ಧ ಒಂದು ತಿಂಗಳಲ್ಲಿ ನಿಂತಿತು, ಸೆರೆ ನಿಲ್ಲಲಿಲ್ಲ. ಕೆಲವರನ್ನು ಹಡಗಿನಲ್ಲಿ ಚೀನಾಕ್ಕೆ ಕಳುಹಿಸಲಾಯಿತು. ಕೊನೆಯವರ ಬಿಡುಗಡೆಯಾದುದು 1967ರಲ್ಲಿ. ಊರಿಗೆ ಮರಳಿದ ಹಲವರ ಮನೆ, ಅಂಗಡಿಗಳು ಹರಾಜಾಗಿ ಪರರ ಪಾಲಾಗಿದ್ದವು. ಬಾಗಿಲು ತೆರೆದರೂ ಬದುಕು ಮರಳಿ ದೊರೆಯಲಿಲ್ಲ.

ಯುದ್ಧಕಾಲದಲ್ಲಿ ರಾಜ್ಯವು ಎಚ್ಚರದಿಂದಿರಬೇಕಲ್ಲವೇ ಎಂದು ಕೆಲವರು ಕೇಳುವರು. ಇರಲೇಬೇಕು. ಆದರೆ ಶಂಕೆಗೆ ಆಧಾರವಾಗಬೇಕಾದುದು ವ್ಯಕ್ತಿಯ ಕೃತ್ಯವೇ ಹೊರತು ಅವನ ಮುಖಚರ್ಯೆಯಲ್ಲ. ತೊಟ್ಟಿಲ ಕೂಸನ್ನು ಗೂಢಚಾರನೆಂದು ಬಗೆಯುವುದು ಎಚ್ಚರವಲ್ಲ, ಭೀತಿ.

ಅಮೆರಿಕವೂ 1942ರಲ್ಲಿ ಜಪಾನೀ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ಅಟ್ಟಿತು. ಅವರಲ್ಲಿ ಮೂರನೆಯ ಎರಡು ಪಾಲು ಜನ ಆ ದೇಶದ ಪ್ರಜೆಗಳೇ. ಆದರೆ 1988ರಲ್ಲಿ ಅದು ಕಾನೂನಿನ ಮೂಲಕ ಕ್ಷಮೆ ಕೋರಿ, ಬದುಕುಳಿದಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ನೀಡಿತು. ಹಣದಿಂದ ಕಳೆದ ವರ್ಷಗಳು ಮರಳಲಾರವು. ಆದರೂ ತಪ್ಪನ್ನು ತಪ್ಪೆಂದು ಹೇಳಿದುದರಿಂದ ನಿರಪರಾಧಿಗಳ ಮೇಲಿನ ಕಳಂಕ ಕಳೆಯಿತು. ದೇವ್ಲಿಯ ಬಂದಿಗಳಿಗೆ ಅಂಥ ಮಾತು ಇನ್ನೂ ದೊರೆತಿಲ್ಲ.

1962ರ ತುರ್ತುಪರಿಸ್ಥಿತಿಯಲ್ಲಿ ವ್ಯಕ್ತಿಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯದ ಮೊರೆಹೋಗುವ ಹಕ್ಕನ್ನು ಅಮಾನತಿನಲ್ಲಿಡಲಾಗಿತ್ತು. 1978ರ ನಲವತ್ತನಾಲ್ಕನೆಯ ತಿದ್ದುಪಡಿಯು, ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯದ ಹಕ್ಕಿಗಾಗಿ ಮೊರೆಹೋಗುವುದನ್ನು ತುರ್ತುಪರಿಸ್ಥಿತಿಯಲ್ಲಿಯೂ ತಡೆಯಲಾಗದೆಂದು ವಿಧಿಸಿತು. ಕಾನೂನು ಕಲಿತ ಈ ಪಾಠವನ್ನು ಪ್ರಜೆಗಳೂ ಕಲಿಯಬೇಕು. ನೆರೆಯವನನ್ನು ಅವನ ನಡತೆಯಿಂದ ಅಳೆಯುವ ಜನರಿರುವಲ್ಲಿ ಇಂಥ ಶಿಬಿರಗಳು ಏಳಲಾರವು.