‘35 ಡಿಗ್ರಿ ಅಷ್ಟೇ’ ಅಂದುಕೊಳ್ಳಬೇಡಿ: ರೋಗಿ ಇರುವ ಮನೆಯಲ್ಲಿ ಮುಂಬೈ ಹವಾಮಾನ ಮುನ್ಸೂಚನೆ ಓದುವುದು ಹೇಗೆ?

ಮುಂದಿನ ಏಳು ದಿನಗಳ ಮುನ್ಸೂಚನೆಯಲ್ಲಿ ಮುಂಬೈಗೆ ಗರಿಷ್ಠ 35, ಕನಿಷ್ಠ 28 ಡಿಗ್ರಿ ಎಂದಿದೆ ಅಂದುಕೊಳ್ಳಿ. ಟಿವಿಯಲ್ಲಿ ನಾಗಪುರ, ದೆಹಲಿ 44 ದಾಟಿದ ಸುದ್ದಿ ಬರುತ್ತಿರುತ್ತದೆ. ನಮ್ಮ ಊರು ಪರವಾಗಿಲ್ಲ ಅನ್ನಿಸುವುದು ಸಹಜ. ಆದರೆ ಮನೆಯಲ್ಲಿ ಹೃದ್ರೋಗಿಗಳು, ಡಯಾಲಿಸಿಸ್‌ಗೆ ಹೋಗುವವರು ಅಥವಾ ಹಾಸಿಗೆ ಹಿಡಿದ ಹಿರಿಯರು ಇದ್ದರೆ ಈ ಸಮಾಧಾನ ಅಪಾಯಕಾರಿ.

ಹವಾಮಾನ ಇಲಾಖೆ ಕರಾವಳಿಯಲ್ಲಿ ಬಿಸಿಗಾಳಿ ಎಂದು ಘೋಷಿಸಬೇಕಾದರೆ ಗರಿಷ್ಠ ತಾಪಮಾನ ಕನಿಷ್ಠ 37 ಡಿಗ್ರಿ ಇರಬೇಕು, ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಬಯಲು ಪ್ರದೇಶದಲ್ಲಿ ಈ ಮಿತಿ 40. ಅಂದರೆ 35 ಡಿಗ್ರಿಯ ಬೆವರಿಳಿಸುವ ದಿನ ‘ಬಿಸಿಗಾಳಿ’ ಎಂಬ ಪದ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಬಂದು ಬಿಸಿಲಲ್ಲಿ ಗಂಟೆಗಟ್ಟಲೆ ಕುಳಿತವರಲ್ಲಿ 14 ಮಂದಿ ತೀರಿಕೊಂಡರು. ಆ ದಿನ ಅಲ್ಲಿನ ಗರಿಷ್ಠ ತಾಪಮಾನ 38ರ ಆಸುಪಾಸಿನಲ್ಲಿತ್ತು, 44 ಅಲ್ಲ.

ಕಾರಣ ತೇವಾಂಶ. ನಮ್ಮ ಮೈ ತಂಪಾಗುವುದು ಬೆವರು ಬಂದಾಗ ಅಲ್ಲ, ಅದು ಆರಿದಾಗ. ಗಾಳಿಯಲ್ಲೇ ನೀರು ತುಂಬಿದ್ದರೆ ಬೆವರು ಆರದೆ ಸುರಿಯುತ್ತದೆ. ದೇಹ ನೀರು, ಉಪ್ಪು ಎರಡನ್ನೂ ಕಳೆದುಕೊಳ್ಳುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಚರ್ಮಕ್ಕೆ ಹೆಚ್ಚು ರಕ್ತ ಕಳಿಸಲು ಹೃದಯ ಜೋರಾಗಿ ದುಡಿಯಬೇಕಾಗುತ್ತದೆ. ಮೊದಲೇ ಸೋತ ಹೃದಯಕ್ಕೆ ಇದು ಮೆಟ್ಟಿಲು ಹತ್ತಿದಷ್ಟೇ ಭಾರ.

ಹಾಗಾಗಿ ಗರಿಷ್ಠ ಅಂಕಿಯ ಜೊತೆ ತೇವಾಂಶವನ್ನೂ ಕನಿಷ್ಠ ತಾಪಮಾನವನ್ನೂ ನೋಡಿ. ನನ್ನ ಮಟ್ಟಿಗೆ ರೋಗಿಯ ಮನೆಯವರಿಗೆ ರಾತ್ರಿಯ ಅಂಕಿಯೇ ಹೆಚ್ಚು ಮುಖ್ಯ. ಹಗಲಿಡೀ ದಣಿದ ದೇಹ ಚೇತರಿಸಿಕೊಳ್ಳುವುದು ರಾತ್ರಿ. ವಿಶ್ವ ಆರೋಗ್ಯ ಸಂಸ್ಥೆ ಕೋಣೆಯ ತಾಪಮಾನ ಹಗಲು 32, ರಾತ್ರಿ 24 ಡಿಗ್ರಿಗಿಂತ ಕಡಿಮೆ ಇರಲಿ ಎನ್ನುತ್ತದೆ. ಮೇ ತಿಂಗಳ ಮುಂಬೈಯಲ್ಲಿ ಎಸಿ ಇಲ್ಲದ ಮನೆಗೆ 24 ಕನಸಿನ ಮಾತು. ಆದರೂ ಸತತ ಮೂರು ರಾತ್ರಿ 28 ಇಳಿಯದು ಎಂದಿದ್ದರೆ ರೋಗಿಯನ್ನು ಮನೆಯ ಅತಿ ತಂಪಾದ ಕೋಣೆಗೆ ಸ್ಥಳಾಂತರಿಸಿ. ಇಲಾಖೆ ಅಳೆಯುವುದು ನೆರಳಿನ ತಾಪಮಾನ. ತಗಡಿನ ಮಾಡಿನ ಚಾಳಿನಲ್ಲಿ ಅಥವಾ ಮೇಲಿನ ಮಹಡಿಯಲ್ಲಿ ಇದ್ದರೆ ಒಳಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ತಡವಾಗಿ ಬೀಸಿದ ದಿನ ಕಲ್ಯಾಣ, ಡೊಂಬಿವಲಿಯ ಬಿಸಿಯನ್ನು ಕೊಲಾಬಾದ ಅಂಕಿಯಿಂದ ಅಳೆಯಲಾಗದು.

ಇನ್ನು ಬಣ್ಣಗಳು. ಹಳದಿ ಎಚ್ಚರಿಕೆ ಎಂದರೆ ಈ ಬಿಸಿಯನ್ನು ಸಾಮಾನ್ಯರು ತಡೆದುಕೊಳ್ಳಬಲ್ಲರು, ಆದರೆ ಶಿಶುಗಳು, ವೃದ್ಧರು, ದೀರ್ಘಕಾಲದ ಕಾಯಿಲೆ ಇರುವವರಿಗೆ ತೊಂದರೆಯಾಗಬಹುದು ಎಂದರ್ಥ. ಅಂದರೆ ಅದು ಬರೆದಿರುವುದೇ ನಿಮ್ಮ ಮನೆಗಾಗಿ. ಕಿತ್ತಳೆ ಬರಲಿ ಎಂದು ಕಾಯಬೇಡಿ.

ಹಳದಿ ಕಂಡ ದಿನವೇ ಔಷಧಿ ಚೀಟಿ ಹಿಡಿದು ವೈದ್ಯರಿಗೆ ಫೋನ್ ಮಾಡಿ. ಫ್ಯೂರೋಸೆಮೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ಇನ್ನಷ್ಟು ಇಳಿಸುತ್ತವೆ. ಬಿಪಿಗೆ ಕೊಡುವ ಬೀಟಾ ಬ್ಲಾಕರ್‌ಗಳು ಬಿಸಿಗೆ ಹೃದಯ ಸ್ಪಂದಿಸುವುದನ್ನು ತಡೆಯುತ್ತವೆ. ಪಾರ್ಕಿನ್ಸನ್ಸ್‌ಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ಕಡಿಮೆ ಮಾಡುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗಬಹುದು. ಇವುಗಳಲ್ಲಿ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಡೋಸ್ ಬದಲಿಸಬೇಕೇ, ದಿನಕ್ಕೆ ಎಷ್ಟು ನೀರು ಕೊಡಬಹುದು ಎಂದು ಕೇಳಿ. ‘ಚೆನ್ನಾಗಿ ನೀರು ಕುಡಿಯಿರಿ’ ಎಂಬ ಎಲ್ಲರಿಗೂ ಹೇಳುವ ಸಲಹೆ ಡಯಾಲಿಸಿಸ್ ರೋಗಿಗೆ, ಹೃದಯ ವೈಫಲ್ಯ ಇರುವವರಿಗೆ ಹಾಗೇ ಅನ್ವಯಿಸುವುದಿಲ್ಲ. ಓಆರ್‌ಎಸ್‌ನಲ್ಲೂ ಎಳನೀರಿನಲ್ಲೂ ಪೊಟ್ಯಾಸಿಯಂ ಇದೆ, ಕಿಡ್ನಿ ರೋಗಿಗೆ ಕೇಳದೆ ಕೊಡಬಾರದು.

ಇನ್ಸುಲಿನ್ ತೆರೆಯದ ಬಾಟಲಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ಫ್ರಿಜ್ ಇಲ್ಲದವರು ಮಣ್ಣಿನ ಮಡಕೆಯಲ್ಲಿಡುವುದುಂಟು. ಒಣ ಹವೆಯ ದೆಹಲಿಯಲ್ಲಿ ಅದು ಚೆನ್ನಾಗಿ ತಂಪಾಗುತ್ತದೆ, ಮುಂಬೈ ಸೆಕೆಯಲ್ಲಿ ಅಷ್ಟಾಗಿ ಅಲ್ಲ. ಇಲ್ಲೂ ಅದೇ ತೇವಾಂಶದ ಲೆಕ್ಕ.

ಚಿಕಿತ್ಸೆಗೆಂದು ಮಲೆನಾಡಿನಿಂದ ಅಪ್ಪ, ಅಮ್ಮ ಈಗಷ್ಟೇ ಬಂದಿದ್ದರೆ ಅವರ ಮೈ ಈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಬೆಳಗ್ಗೆಯೇ ಸಿಗುವಂತೆ ನೋಡಿಕೊಳ್ಳಿ.

ತಲೆಸುತ್ತು, ಸುಸ್ತು, ಸ್ನಾಯು ಸೆಳೆತ ಕಂಡರೆ ತಂಪಾದ ಕಡೆ ಮಲಗಿಸಿ. ಮಾತು ತಡವರಿಸಿದರೆ, ಮಂಕಾದರೆ, ಫಿಟ್ಸ್ ಬಂದರೆ, ಮೈ 40 ಡಿಗ್ರಿ ಮುಟ್ಟಿದರೆ ಅದು ಹೀಟ್‌ಸ್ಟ್ರೋಕ್ ಇರಬಹುದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಿ. ಇದು ಜ್ವರವಲ್ಲ, ಪ್ಯಾರಾಸಿಟಮಾಲ್ ಕೆಲಸ ಮಾಡದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.