ಕಲ್ಲಿನವರೂ ಹಾಡಿನವರೂ

ಕೆರೂರ ಸ್ಟ್ಯಾಂಡಿನಲ್ಲಿ ಬಾದಾಮಿ ಬಸ್ಸಿಗೆ ಕಾದು ನಿಂತವರಿಗೆ 'ಧ್ವನಿ ಕಲಾವಿದ' ಎಂದು ಹೇಳಿ ನೋಡಿ. "ಮೈಕ್ ಸೆಟ್ ಬಾಡಿಗಿ ಕೊಡಾಂವ ಏನ್ರೀ?" ಎಂದು ಕೇಳಿಯಾರು. ತಪ್ಪೇನೂ ಇಲ್ಲ. ದೊಡ್ಡ ಊರುಗಳ ಗ್ಯಾಲರಿಗಳಲ್ಲಿ ಈಗ ಒಬ್ಬ ಶಿಲ್ಪಿಯನ್ನೂ ಒಬ್ಬ ಧ್ವನಿ ಕಲಾವಿದನನ್ನೂ ಒಂದೇ ಕೋಣೆಯಲ್ಲಿ ಕೂಡಿಸುವುದುಂಟು. ಅವನ ಕಲ್ಲು, ಇವನ ಸಪ್ಪಳ. ಬಂದವರು ನೋಡುತ್ತ ಕೇಳಬೇಕು. ಹೊಸ ಕಲೆ ಎಂದು ಅದರ ಹೆಸರು.

ಹೊಸದು ಎಂಬ ಮಾತಿಗೆ ಮಾತ್ರ ನಮ್ಮ ತಕರಾರು.

ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನೇ ತೆಗೆದುಕೊಳ್ಳಿ. ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕೆ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ. ಅಲ್ಲಿಯ ಶಾಸನಗಳಲ್ಲಿ ಕಟ್ಟಿದ ಸೂತ್ರಧಾರಿ ಗುಂಡನ ಹೆಸರಿದೆ, ಅವನಿಗೆ ಕೊಟ್ಟ ಬಿರುದು-ಮರ್ಯಾದೆಗಳಿವೆ. ಅದೇ ಗುಡಿಯ ಇನ್ನೊಂದು ಶಾಸನ ಹಾಡುವವರದು. ಹಿಂದೆ ವಿಜಯಾದಿತ್ಯ ಗಾಯಕರಿಗೆ ಕೊಟ್ಟಿದ್ದನ್ನು ರಾಣಿ ಮತ್ತೆ ಗಟ್ಟಿ ಮಾಡಿ ಬರೆಸಿದ್ದಾಳೆ. ಕೆತ್ತಿದವನಿಗೂ ಲೆಕ್ಕ, ಹಾಡಿದವರಿಗೂ ಲೆಕ್ಕ. ಅಂಗಡಿಕಾರರಿಗೆ ಇದರ ಬೆಲೆ ಬೇಗ ತಿಳಿದೀತು. ಬಾಯಿಮಾತಿಗೂ ಕಾಗದ-ಪತ್ರಕ್ಕೂ ಇರುವ ವ್ಯತ್ಯಾಸ ಅವರಷ್ಟು ಬಲ್ಲವರು ಯಾರು?

ಬಾದಾಮಿಯ ಮೊದಲನೆಯ ಗುಹೆಗೆ ಹೋದವರೆಲ್ಲ ಹದಿನೆಂಟು ಕೈಯ ನಟರಾಜನನ್ನು ನೋಡಿದ್ದಾರೆ. ಎಲ್ಲರ ಕಣ್ಣೂ ಕೈಗಳ ಎಣಿಕೆಗೇ ಹೋಗುತ್ತದೆ. ಪಕ್ಕದಲ್ಲಿ ಗಣಪತಿಯ ಜೊತೆ ವಾದ್ಯ ಬಾರಿಸುವವನೊಬ್ಬ ಕುಳಿತಿದ್ದಾನೆ, ಅವನನ್ನು ಕೇಳುವವರಿಲ್ಲ. ಆ ವಾದ್ಯ ಹೇಗೆ ನುಡಿಯುತ್ತಿತ್ತು? ಕರಡಿ ಮಜಲಿನವರನ್ನು ಕರೆತಂದು, ಅವರ ನುಡಿತವನ್ನು ಆ ಮೂರ್ತಿಯ ದೊಡ್ಡ ಚಿತ್ರದ ಎದುರು ಕೇಳಿಸಿದರೆ ಅದೇ ಒಂದು ಪ್ರದರ್ಶನ.

ಗುಹೆಯೊಳಗೇ ಮೈಕ್ ಹಚ್ಚಿ ಎಂದು ಯಾರೂ ಓಡಬೇಡಿ ಮತ್ತೆ! ಹಂಪಿಯ ಪಾಠ ಕಣ್ಣ ಮುಂದಿದೆ. ವಿಠ್ಠಲ ಗುಡಿಯ ಕಂಬಗಳು ನುಡಿಯುತ್ತವೆ ಎಂದು ಬಂದ ಮಂದಿ ವರ್ಷಾನುಗಟ್ಟಲೆ ಬಡಿದು ಬಡಿದು ಸವೆಸಿದರು, ಕಡೆಗೆ ಮುಟ್ಟುವುದಕ್ಕೇ ನಿರ್ಬಂಧ ಬಂತು. ಕಂಬದೊಳಗೆ ಪೊಳ್ಳಿದೆ ಎಂಬ ಕಥೆಯೂ ಹಳತು. ಕಲ್ಪಾಕ್ಕಂ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಕ್ಕೆ ಧಕ್ಕೆಯಾಗದಂತೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ್ದು ಬೇರೆಯೇ: ಕಂಬ ಗಟ್ಟಿ ಕಲ್ಲು, ಬಾಗಿ ಕಂಪಿಸುವುದರಿಂದ ನಾದ ಬರುತ್ತದೆ.

ಉಮಾಶಂಕರ ಮಂತ್ರವಾದಿ ಎಂಬವರು ಹಳೆಯ ರಂಗಸ್ಥಳಗಳಲ್ಲಿ ಸದ್ದು ಹೇಗೆ ಹರಡುತ್ತದೆ ಎಂದು ಅಳೆಯುತ್ತ ಬಂದವರು. ಒಡಿಶಾದ ರಾಣಿ ಗುಂಫಾದಲ್ಲಿ ಅಳೆದರು, ನಾಗಾರ್ಜುನಕೊಂಡದ ಅನುಪಿನಲ್ಲಿ ಅಳೆದರು. ಅವರ ಕೆಲಸವನ್ನೇ ಆಧಾರ ಮಾಡಿಕೊಂಡು 2020ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನ ನಡೆಯಿತು. ನಮ್ಮ ದೇಶದ ಹಳೆಯ ಜಾಗಗಳ ಸದ್ದಿಗೆ ಜರ್ಮನಿಯಲ್ಲಿ ಕೋಣೆ ಸಿಕ್ಕಿತು. ಬಾದಾಮಿಯಲ್ಲಿ ಒಂದು ಕೋಣೆ ಸಿಗದೇನು?

ಇದರಲ್ಲಿ ನಮಗೇನು ಲಾಭ ಎನ್ನುತ್ತೀರಿ. ಹುಬ್ಬಳ್ಳಿ-ವಿಜಯಪುರ ರಸ್ತೆಯಿಂದ ಕೆರೂರಿನಲ್ಲಿ ಹೊರಳಿ ಬಾದಾಮಿಗೆ ಹೋಗುವ ಕಾರು-ಬಸ್ಸಿನ ಮಂದಿ ಗುಹೆ ಹತ್ತಿ ಇಳಿದು, ಫೋಟೋ ಹೊಡೆದು, ಚಹಾ ಕುಡಿದು ಹೊರಟೇಬಿಡುತ್ತಾರೆ. ಬನಶಂಕರಿ ಜಾತ್ರೆಯಲ್ಲಿ ಮಾತ್ರ ಬೇರೆ ಲೆಕ್ಕ. ನಾಟಕ ಕಂಪನಿಗಳ ತಂಬು ಬಿದ್ದವು ಎಂದರೆ ರಾತ್ರಿಯಿಡೀ ಮಂದಿ, ರಾತ್ರಿಯಿಡೀ ಗಿರಾಕಿ. ಕೇಳಲು ಏನಾದರೂ ಇದ್ದರೆ ಮನುಷ್ಯ ಕೂಡ್ರುತ್ತಾನೆ, ಕೂತವನಿಗೆ ಹಸಿವೆಯೂ ಆಗುತ್ತದೆ.

ಆದರೆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದೂ ನೋಡಬೇಕಾದ್ದೇ. ಹೊರಗಿನ ಕಲಾವಿದನ ಹೆಸರು ಬೋರ್ಡಿನ ಮೇಲೆ, ಪಾರಿಜಾತದವರದೂ ಚೌಡಿಕೆಯವರದೂ ಸಪ್ಪಳ ಮಾತ್ರ ಪೆಟ್ಟಿಗೆಯೊಳಗೆ ಎಂದಾದರೆ, ಸಾವಿರದ ಇನ್ನೂರು ವರ್ಷದ ಹಿಂದಿನ ರಾಣಿಗಿಂತ ನಾವು ಹಿಂದೆ ಬಿದ್ದಂತೆ. ರೆಕಾರ್ಡ್ ಮಾಡಿದ್ದನ್ನು ಎಷ್ಟು ಸಲ ನುಡಿಸಿದರೆ ಅವರಿಗೆಷ್ಟು, ಅದು ಬರವಣಿಗೆಯಲ್ಲಿ ಇರಲಿ. ಚಾಲುಕ್ಯ ಉತ್ಸವದ ಪೂರ್ವಭಾವಿ ಸಭೆ ಕರೆದಾಗ ವ್ಯಾಪಾರಸ್ಥರು ಹೋಗಿ ಮೊದಲು ಇದನ್ನೇ ಕೇಳಲಿ, ಪೆಂಡಾಲಿನ ಗುತ್ತಿಗೆಯ ಮಾತು ಆಮೇಲೆ.