ರಾಜನನ್ನು ಎಸೆದವನು, ಕೆಸರು ಎರಚಿದವರು

ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರ ಪ್ರೇಕ್ಷಕರತ್ತ ಒಂದು ಕಾಯಿ ಎಸೆದರಂತೆ, ಅಲ್ಲಿಗೆ ಚೆಸ್‌ನ ಮಾನ ಹೋಯಿತಂತೆ. 2025ರ ಅಕ್ಟೋಬರ್ 4ರಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಅಮೆರಿಕ ಮತ್ತು ಭಾರತದ ನಡುವೆ ನಡೆದ ಪ್ರದರ್ಶನ ಪಂದ್ಯದ ಆ ತುಣುಕು ವಿಡಿಯೊ ನೋಡಿ ನಮ್ಮಲ್ಲಿ ಉಕ್ಕಿದ ರೋಷ ಎಷ್ಟಿತ್ತೆಂದರೆ, ಎಸೆದದ್ದು ಎದುರಾಳಿ ಗುಕೇಶ್ ಅವರ ಕಡೆಯ ಮರದ ರಾಜನನ್ನೋ ಅಥವಾ ದೇಶದ ಧ್ವಜವನ್ನೋ ಎಂದು ಅನುಮಾನ ಬರುವಂತಿತ್ತು. ಅದೇನು ವಿಶ್ವ ಚಾಂಪಿಯನ್‌ಷಿಪ್ ಆಗಿರಲಿಲ್ಲ. ಡ್ರಾಗೆ ಅವಕಾಶವಿಲ್ಲದ, ಜನ ಕೂಗಾಡಲೆಂದೇ ಇ-ಸ್ಪೋರ್ಟ್ಸ್ ಅಂಗಣದಲ್ಲಿ ಏರ್ಪಡಿಸಿದ್ದ ತಮಾಷೆಯ ಮುಖಾಮುಖಿ. ಆಟಗಾರರು ಸ್ವಲ್ಪ ಅತಿ ಮಾಡಲಿ ಎಂಬುದು ಸಂಘಟಕರ ಬಯಕೆಯೇ ಆಗಿತ್ತು ಎಂದು ಅಲ್ಲಿ ಆಡಿದ ಲೆವಿ ರೋಜ್‌ಮನ್ ಹೇಳಿದ್ದಾರೆ. ಪಂದ್ಯದ ನಂತರ ನಕಮುರ ಸ್ವತಃ ಗುಕೇಶ್ ಜೊತೆ ಮಾತನಾಡಿ, ಅವಮಾನದ ಉದ್ದೇಶವಿರಲಿಲ್ಲ ಎಂದು ತಿಳಿಸಿದರೆಂದು ಭಾರತ ತಂಡದಲ್ಲಿದ್ದ ಸಾಗರ್ ಶಾ ಹೇಳಿದ್ದಾರೆ. ಗುಕೇಶ್ ದೂರು ಕೊಡಲಿಲ್ಲ. ದೂರು ಕೊಟ್ಟವರೆಲ್ಲ ಸೋಫಾದ ಮೇಲಿದ್ದವರು. ಆ ಎಸೆತ ಚೆಂದವಿತ್ತು ಎಂದು ವಾದಿಸುವ ಹಟ ನನಗಿಲ್ಲ. ಅದೊಂದು ಅಗ್ಗದ ಚೇಷ್ಟೆ. ಆದರೆ ಚೇಷ್ಟೆಯನ್ನು ಮಹಾಪರಾಧವೆಂದು ಸಾರುವ ಈ ಜನ, ನಿಜವಾದ ಅಪರಾಧ ಕಣ್ಣೆದುರು ನಡೆದಾಗ ಎಲ್ಲಿದ್ದರು?

ಅಂದು ಈ ಎಸೆತವನ್ನು ಆಧುನಿಕ ಚೆಸ್‌ನ ಅಧಃಪತನದ ಲಕ್ಷಣವೆಂದು ಖಂಡಿಸಿದವರಲ್ಲಿ ವ್ಲಾಡಿಮಿರ್ ಕ್ರಾಮ್ನಿಕ್ ಕೂಡ ಒಬ್ಬರು. 2000ದಲ್ಲಿ ಲಂಡನ್‌ನಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಿ ವಿಶ್ವ ಕಿರೀಟ ಗೆದ್ದವರು, ಸೂಟು ತೊಟ್ಟು ತಗ್ಗಿದ ದನಿಯಲ್ಲಿ ಮಾತನಾಡುವವರು. ಮರ್ಯಾದಸ್ಥರು. ಈ ಮರ್ಯಾದಸ್ಥರು 2023ರ ನವೆಂಬರ್‌ನಲ್ಲಿ ಮಾಡಿದ್ದೇನು? ಚೆಸ್ ಡಾಟ್ ಕಾಮ್‌ನಲ್ಲಿ ನಕಮುರ 46 ಬ್ಲಿಟ್ಜ್ ಆಟಗಳಲ್ಲಿ 45.5 ಅಂಕ ಗಳಿಸಿದ್ದನ್ನು ಎತ್ತಿ ತೋರಿಸಿ, ಇದು ಎಲ್ಲರಿಗೂ ಕುತೂಹಲಕರ ಅನ್ನಿಸಬಹುದು ಎಂಬರ್ಥದ ಮಾತೊಂದನ್ನು ತೇಲಿಬಿಟ್ಟರು. ಕಂಪ್ಯೂಟರ್ ನೆರವಿನಿಂದ ಮೋಸ ಮಾಡಿದ್ದಾರೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಸಾಬೀತು ಮಾಡಬೇಕಾಗುತ್ತಿತ್ತಲ್ಲ! ಅಂಕಿಯನ್ನು ಮುಂದಿಟ್ಟು ಹುಬ್ಬು ಹಾರಿಸಿದರೆ ಸಾಕು, ಉಳಿದದ್ದನ್ನು ಲೋಕವೇ ಮಾತಾಡಿಕೊಳ್ಳುತ್ತದೆ. ನಕಮುರ ಸಿಟ್ಟಿಗೆದ್ದು ತಮ್ಮ ಸ್ಟ್ರೀಮ್‌ನಲ್ಲಿ ತಿರುಗಿಬಿದ್ದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಗಲು ಜನ ಸಿದ್ಧರಿದ್ದರು. ಸುಮ್ಮನಿದ್ದಿದ್ದರೆ ಒಪ್ಪಿಕೊಂಡರು ಎನ್ನುತ್ತಿದ್ದರು. ಗಾಳಿಮಾತಿಗೆ ಗುರಿಯಾದವನಿಗೆ ಸರಿಯಾದ ನಡೆ ಎಂಬುದೇ ಉಳಿಯುವುದಿಲ್ಲ.

ಆ 45.5 ಎಂಬ ಅಂಕಿಯನ್ನೇ ಸ್ವಲ್ಪ ತಟ್ಟಿ ನೋಡೋಣ, ಏಕೆಂದರೆ ಆರೋಪವೆಲ್ಲ ನಿಂತಿರುವುದು ಅದೊಂದರ ಮೇಲೆ. ರೇಟಿಂಗ್‌ನಲ್ಲಿ 400 ಅಂಕ ಕೆಳಗಿರುವವರ ಎದುರು ಆಡಿದರೆ ಹತ್ತಕ್ಕೆ ಒಂಬತ್ತು ಅಂಕ ಬರಬೇಕೆಂದು ಎಲೊ ಲೆಕ್ಕವೇ ಹೇಳುತ್ತದೆ. ಒಂದೊಂದು ಆಟ ಗೆಲ್ಲುವ ಸಾಧ್ಯತೆ ಶೇ 90 ಎಂದಿಟ್ಟುಕೊಳ್ಳಿ. ಅದನ್ನು 46 ಸಲ ಗುಣಿಸಿದರೆ ಎಲ್ಲವನ್ನೂ ಗೆಲ್ಲುವ ಸಾಧ್ಯತೆ ಸುಮಾರು 127ಕ್ಕೆ ಒಂದು. ಅಪರೂಪವೇ ಸರಿ. ಆದರೆ ನಕಮುರ ಆನ್‌ಲೈನ್‌ನಲ್ಲಿ ಆಡಿರುವುದು 46 ಆಟಗಳನ್ನಲ್ಲ, ಹತ್ತಾರು ಸಾವಿರ ಆಟಗಳನ್ನು. 30 ಸಾವಿರ ಎಂದೇ ಹಿಡಿದರೂ 46ರ ಕಂತುಗಳು 650 ಆಗುತ್ತವೆ. ಎದುರಾಳಿಗಳು ಆ ಮಟ್ಟದವರಾಗಿದ್ದರೆ 650 ಕಂತುಗಳಲ್ಲಿ ಇಂಥ ಓಟ ನಾಲ್ಕೈದು ಸಲ ಬರದಿದ್ದರೆ ಅದೇ ಆಶ್ಚರ್ಯ. ಎಲ್ಲ ಎದುರಾಳಿಗಳೂ ಅಷ್ಟು ದುರ್ಬಲರಲ್ಲವಲ್ಲ ಎನ್ನುವಿರಿ. ನಿಜ, ಆದರೆ ಇಂಥ ಸರಣಿಗಳು ಹುಟ್ಟುವುದೇ ತಮಗಿಂತ ತುಂಬಾ ಕೆಳಗಿನವರ ಜೊತೆ ಅವರು ಸಾಲಾಗಿ ಆಡುವಾಗ, ಮತ್ತು ಆ 46ರ ಸರಣಿಯೂ ಬಹುಪಾಲು ಅಂಥದ್ದೇ. ಸಾವಿರಾರು ಆಟಗಳ ರಾಶಿಯಿಂದ ಹೊಳೆಯುವ ತುಂಡೊಂದನ್ನೇ ಆರಿಸಿ ತೆಗೆದು, ನೋಡಿ ಎಷ್ಟು ಹೊಳೆಯುತ್ತಿದೆ ಎನ್ನುವುದು ಸಂಖ್ಯಾಶಾಸ್ತ್ರವಲ್ಲ, ಗಿಳಿಶಾಸ್ತ್ರ. ಪಿಯುಸಿ ಗಣಿತದ ವಿದ್ಯಾರ್ಥಿ ಹೀಗೆ ಮಾಡಿದರೆ ಮೇಷ್ಟರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಾರೆ. ಮಾಜಿ ವಿಶ್ವ ಚಾಂಪಿಯನ್ ಮಾಡಿದರೆ ತಿಂಗಳುಗಟ್ಟಲೆ ಚರ್ಚೆ. ಚೆಸ್ ಡಾಟ್ ಕಾಮ್ ತಾನೂ ಲೆಕ್ಕ ಹಾಕಿ ಮೋಸದ ಸುಳಿವಿಲ್ಲ ಎಂದಿತು, ಆ ಡಿಸೆಂಬರ್‌ನಲ್ಲಿ ತನ್ನಲ್ಲಿದ್ದ ಕ್ರಾಮ್ನಿಕ್ ಅವರ ಬ್ಲಾಗನ್ನೂ ಮುಚ್ಚಿತು.

ಇದರಲ್ಲಿ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಅಂಕಿ ಅಂಶದ ಹೆಸರಿನಲ್ಲಿ ಕೆಸರು ಎರಚುವುದು ಹೇಗೆಂದು ಕ್ರಾಮ್ನಿಕ್ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಅವರು ಮೈಮೇಲೆ ಹಾಕಿಸಿಕೊಂಡವರು. 2006ರಲ್ಲಿ ಎಲಿಸ್ತಾದಲ್ಲಿ ವೆಸೆಲಿನ್ ಟೊಪಾಲೊವ್ ಎದುರು ವಿಶ್ವ ಪಟ್ಟಕ್ಕೆ ಆಡುತ್ತಿದ್ದಾಗ, ಕ್ರಾಮ್ನಿಕ್ ಪದೇ ಪದೇ ಶೌಚಾಲಯಕ್ಕೆ ಹೋಗುತ್ತಾರೆ ಎಂದು ಎದುರಾಳಿಯ ಮ್ಯಾನೇಜರ್ ಸಿಲ್ವಿಯೊ ದನಾಯ್ಲೊವ್ ದೂರಿತ್ತರು. ಅವರ ಶೌಚಾಲಯಕ್ಕೆ ಬೀಗ ಬಿತ್ತು. ಕ್ರಾಮ್ನಿಕ್ ಆಡಲು ನಿರಾಕರಿಸಿ ಐದನೇ ಪಂದ್ಯದ ಅಂಕ ಕಳೆದುಕೊಂಡರು. ಅದು ಸಾಲದೆಂದು, ಅವರ ನಡೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಫ್ರಿಟ್ಜ್ ಪ್ರೋಗ್ರಾಮಿನ ನಡೆಗಳೊಂದಿಗೆ ಹೊಂದುತ್ತವೆ ಎಂಬ ಪಟ್ಟಿಯನ್ನೂ ಎದುರು ಪಾಳೆಯ ಹಂಚಿತು. ಆಗ ಚೆಸ್ ಲೋಕದ ಬಹುಪಾಲು ಜನ ಕ್ರಾಮ್ನಿಕ್ ಬೆನ್ನಿಗೆ ನಿಂತರು. ಒಬ್ಬ ಶ್ರೇಷ್ಠ ಆಟಗಾರ ಶ್ರೇಷ್ಠ ನಡೆಗಳನ್ನು ಆಡುವುದು ಅಪರಾಧದ ಪುರಾವೆಯಾಗಲಾರದು ಎಂದು ವಾದಿಸಿದರು. ಕ್ರಾಮ್ನಿಕ್ ಟೈಬ್ರೇಕ್‌ನಲ್ಲಿ ಗೆದ್ದರು. ಹದಿನೇಳು ವರ್ಷಗಳ ನಂತರ ಅದೇ ಮನುಷ್ಯ ದನಾಯ್ಲೊವ್ ಅವರ ಹಳೆಯ ಅಸ್ತ್ರವನ್ನೇ ಒರೆಸಿ ಹೊಳಪಿಟ್ಟು ಕೈಗೆತ್ತಿಕೊಂಡರು. ವ್ಯತ್ಯಾಸವೆಂದರೆ, ಎಲಿಸ್ತಾದ ಆರೋಪಕ್ಕೆ ಒಬ್ಬ ಬಲಿಪಶು ಇದ್ದ. ಈ ಸಲ ಒಬ್ಬರಲ್ಲ.

ಡೇನಿಯಲ್ ನರೊಡಿಟ್ಸ್ಕಿ ನಕಮುರ ಅವರಂತೆಯೇ ಸ್ಟ್ರೀಮ್ ಮಾಡುತ್ತಿದ್ದ ಗ್ರ್ಯಾಂಡ್‌ಮಾಸ್ಟರ್, ಚೆಸ್ ಕಲಿಸುವುದರಲ್ಲಂತೂ ಎತ್ತಿದ ಕೈ. ಅವರ ಮೇಲೂ ಕ್ರಾಮ್ನಿಕ್ ಪದೇ ಪದೇ ಅನುಮಾನದ ಮಾತು ಆಡಿದರು. ಇದರಿಂದ ತಾನು ಚೆನ್ನಾಗಿ ಆಡಿದರೆ ಸಾಕು, ಜನ ಕೆಟ್ಟದ್ದನ್ನೇ ಊಹಿಸುವಂತಾಗಿದೆ ಎಂದು ನರೊಡಿಟ್ಸ್ಕಿ ತಮ್ಮ ಕೊನೆಯ ಸ್ಟ್ರೀಮ್‌ನಲ್ಲಿ ನೊಂದು ಹೇಳಿಕೊಂಡರು. 2025ರ ಅಕ್ಟೋಬರ್‌ನಲ್ಲಿ, ಆರ್ಲಿಂಗ್ಟನ್‌ನ ಎಸೆತದ ಗದ್ದಲ ಇನ್ನೂ ಅಡಗುವ ಮೊದಲೇ, 29ರ ಹರೆಯದಲ್ಲಿ ಅವರು ತೀರಿಕೊಂಡರು. ಆ ಸಾವನ್ನು ಯಾರ ತಲೆಗೂ ಕಟ್ಟುವುದು ಈ ಲೇಖನದ ಕೆಲಸವಲ್ಲ. ಆದರೆ ಅದಾದ ಮೇಲಷ್ಟೇ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಗೆ ಎಚ್ಚರವಾಗಿ, ಕ್ರಾಮ್ನಿಕ್ ಅವರ ಹೇಳಿಕೆಗಳನ್ನು ನೈತಿಕತೆ ಮತ್ತು ಶಿಸ್ತು ಆಯೋಗದ ಮುಂದಿಡಲು ಮನಸ್ಸಾಯಿತು ಎಂಬುದು ದಾಖಲೆಯ ಮಾತು. ಎರಡು ವರ್ಷ ಕೆಸರು ಹಾರುತ್ತಿದ್ದಾಗ ಆಟದ ಘನತೆಯ ಕಾವಲುಗಾರರು ಏನು ಮಾಡುತ್ತಿದ್ದರು? ಸ್ಟ್ರೀಮಿಂಗ್ ಮಾಡುವವರಿಂದ ಚೆಸ್ ಹಾಳಾಯಿತು ಎಂದು ಮೂಗು ಮುರಿಯುತ್ತಿದ್ದರು.

ಸ್ಟ್ರೀಮಿಂಗ್‌ನಿಂದ ಹಾಳಾದದ್ದಾದರೂ ಏನು? ನಕಮುರ ಅವರ ಸ್ಟ್ರೀಮನ್ನು ಅರ್ಧ ಗಂಟೆ ಕೂತು ನೋಡಿ. ಪರದೆಯ ತುಂಬ ಬೋರ್ಡು, ಮೂಲೆಯಲ್ಲಿ ಅವರ ಮುಖ. ಎದುರಾಳಿ ನಡೆ ಇಡುವಷ್ಟರಲ್ಲಿ ಬೋರ್ಡಿನ ಮೇಲೆ ಬಾಣದ ಗುರುತುಗಳು ಪಟಪಟನೆ ಬೀಳುತ್ತವೆ. ಕುದುರೆ ಇಲ್ಲಿ ಬಂದರೆ ಆನೆ ಅಲ್ಲಿ, ಹೊಡೆದ, ಹೊಡೆದೆ, ಹೊಡೆದ, ಆಮೇಲೆ ಕಾಲಾಳು ಮುಂದೆ ಎಂದು ಏಳೆಂಟು ನಡೆಗಳ ಲೆಕ್ಕ ಉಸಿರು ಬಿಡದೆ ಬಾಯಿಂದ ಹೊರಬೀಳುತ್ತದೆ. ಕಷ್ಟದ ಸ್ಥಿತಿ ಬಂದರೆ ಕಣ್ಣು ಚಾವಣಿಗೆ ಹೋಗುತ್ತದೆ, ಮಾತು ನಿಲ್ಲುತ್ತದೆ, ಮತ್ತೆ ಬಾಣಗಳು. ಇಷ್ಟೆಲ್ಲ ಒಂದು ನಿಮಿಷದ ಬುಲೆಟ್‌ನಲ್ಲಿ, ಮೂರು ನಿಮಿಷದ ಬ್ಲಿಟ್ಜ್‌ನಲ್ಲಿ, ಸಾವಿರಾರು ಜನರ ಕಣ್ಣಿನ ಕೆಳಗೆ. ಇಷ್ಟು ಬಯಲಲ್ಲಿ ಯೋಚಿಸಿದ ಆಟಗಾರ ಚೆಸ್ ಇತಿಹಾಸದಲ್ಲಿ ಇನ್ನೊಬ್ಬರಿದ್ದಾರೆಯೇ? ಹಿಂದಿನ ಚಾಂಪಿಯನ್ನರ ತಲೆಯೊಳಗೆ ಏನಿತ್ತೆಂದು ತಿಳಿಯಲು ಅವರು ಪುಸ್ತಕ ಬರೆಯುವವರೆಗೆ ಕಾಯಬೇಕಿತ್ತು, ಅದೂ ಗೆದ್ದ ಆಟಗಳದ್ದೇ ಹೆಚ್ಚು. ನಕಮುರ 2024ರಲ್ಲಿ ಟೊರೊಂಟೊದಲ್ಲಿ, ವಿಶ್ವ ಪಟ್ಟದ ಸವಾಲುಗಾರನನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ನಮ್ಮ ವಿದಿತ್ ಗುಜರಾತಿ ಕೈಯಲ್ಲಿ ಎರಡೆರಡು ಸಲ ಸೋತರು. ಸುತ್ತು ಮುಗಿದ ಮೇಲೆ ತಾನೆಲ್ಲಿ ಎಡವಿದೆ ಎಂದು ಕ್ಯಾಮೆರಾ ಮುಂದೆ ಕೂತು ಬಿಡಿಸಿ ಹೇಳಿದರು. ಜೀವಮಾನದ ಅವಕಾಶದ ಟೂರ್ನಿಯ ನಡುವೆ ವಿಡಿಯೊ ಮಾಡುವುದು ಹುಚ್ಚಾಟ ಎಂದವರು ಆಗಲೂ ಇದ್ದರು. ಆ ಹುಚ್ಚಾಟದವರು ಗುಕೇಶ್ ಅವರಿಗಿಂತ ಬರೀ ಅರ್ಧ ಅಂಕ ಹಿಂದೆ ಮುಗಿಸಿದರು. ಮೋಸಗಾರನಿಗೆ ಕತ್ತಲು ಬೇಕು. ಈತ ದೀಪ ಹಚ್ಚಿಕೊಂಡು ಕೂತಿದ್ದಾರೆ.

ಆನ್‌ಲೈನ್‌ನಲ್ಲಿ ಹುಲಿ, ಬೋರ್ಡಿನ ಮುಂದೆ ಇಲಿ ಎನ್ನುವ ಹಾಗಿದ್ದರೂ ಅನುಮಾನಕ್ಕೊಂದು ಕಾರಣವಿರುತ್ತಿತ್ತು. ಆದರೆ ನಕಮುರ ಹದಿನೈದನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿ ಬಾಬಿ ಫಿಷರ್ ಅವರ ಅಮೆರಿಕನ್ ದಾಖಲೆ ಮುರಿದವರು, ಐದು ಸಲ ಅಮೆರಿಕದ ಚಾಂಪಿಯನ್ ಆದವರು, 2015ರಲ್ಲೇ 2816ರ ರೇಟಿಂಗ್ ಮುಟ್ಟಿದವರು. ಸ್ಟ್ರೀಮಿಂಗೇ ತಮ್ಮ ಮುಖ್ಯ ಕಸುಬು ಎಂದು ಹೇಳಿಕೊಂಡ ಮೇಲೂ 2022ರಲ್ಲಿ ರೇಕ್ಯಾವಿಕ್‌ನಲ್ಲಿ ಫಿಷರ್ ರ‍್ಯಾಂಡಮ್ ವಿಶ್ವ ಪಟ್ಟ, 2023ರಲ್ಲಿ ನಾರ್ವೆ ಚೆಸ್, 37ನೇ ವಯಸ್ಸಿನಲ್ಲಿ ವಿಶ್ವದ ಎರಡನೇ ಸ್ಥಾನ. ಇವೆಲ್ಲ ಎದುರಾಳಿಯ ಮುಖ ನೋಡುತ್ತಾ, ಮೈ ತಪಾಸಣೆ ಮಾಡಿಸಿಕೊಂಡು ಕೂತು ಆಡಿದ ಆಟಗಳು.

ಪುರಾವೆಗಳು ಇಷ್ಟು ನೆಟ್ಟಗಿದ್ದೂ ಜನರಿಗೆ ಈ ಮನುಷ್ಯನನ್ನು ಕಂಡರೆ ಮೈ ಪರಚಿಕೊಳ್ಳುವಂತಾಗುವುದು ಏಕೆ? ಸೊಕ್ಕು, ಎಂಬುದು ಸಿದ್ಧ ಉತ್ತರ. ಹೌದು, ಅವರು ತಮ್ಮನ್ನು ತಾವು ಹೊಗಳಿಕೊಳ್ಳುತ್ತಾರೆ, ಸೋತರೂ ನನಗೇನಂತೆ ಎನ್ನುತ್ತಾರೆ, ಎರಡನೇ ನಡೆಗೇ ರಾಜನನ್ನು ಹೊರಗೆಳೆಯುವ ಬಾಂಗ್‌ಕ್ಲೌಡ್ ಎಂಬ ತಲೆಹರಟೆ ಆಡುತ್ತಾರೆ. 2021ರ ಮಾರ್ಚ್‌ನಲ್ಲಿ ಮ್ಯಾಗ್ನಸ್ ಕಾರ್ಲ್ಸನ್ ಮತ್ತು ನಕಮುರ ಇಬ್ಬರೂ ರಾಜರನ್ನು ಹಾಗೆ ಹೊರಗೆಳೆದು ನಗುತ್ತಾ ಡ್ರಾ ಮಾಡಿಕೊಂಡರು. ಗಮನಿಸಿ, ಆ ಆಟದಲ್ಲಿ ಬಿಳಿ ಕಾಯಿ ಕಾರ್ಲ್ಸನ್ ಅವರದು, ಕೀಟಲೆ ಮೊದಲು ಮಾಡಿದ್ದೂ ಅವರೇ. ಆದರೆ ಕಾರ್ಲ್ಸನ್ ಮಾಡಿದರೆ ಪ್ರತಿಭೆಯ ತುಂಟತನ, ನಕಮುರ ಮಾಡಿದರೆ ಸಂಸ್ಕಾರಹೀನತೆ. ನಮ್ಮಲ್ಲಂತೂ ಈ ಕಾಯಿಲೆ ಹಳೆಯದು. ವಿದ್ಯೆಗೆ ವಿನಯವೇ ಭೂಷಣ ಎಂಬ ಒಂದೇ ಗಾದೆ ಹಿಡಿದುಕೊಂಡು ಆಟಗಾರರನ್ನು, ಹಾಡುಗಾರರನ್ನು, ಕಡೆಗೆ ರ‍್ಯಾಂಕ್ ಬಂದ ಹುಡುಗಿಯನ್ನೂ ಅಳೆಯುತ್ತೇವೆ. ಗೆದ್ದವರು ತಲೆ ತಗ್ಗಿಸಿ, ಎಲ್ಲ ಗುರುಗಳ ಆಶೀರ್ವಾದ ಎನ್ನಬೇಕು. ನನ್ನ ದುಡಿಮೆ ಎಂದರೆ ಸೊಕ್ಕು. ಒಳಗೆ ಎಷ್ಟೇ ವಿಷವಿರಲಿ, ಕೈಮುಗಿದು ನಿಂತವನಿಗೆ ನಮ್ಮಲ್ಲಿ ಸನ್ಮಾನ, ಹಾರ, ಹಣ್ಣಿನ ಬುಟ್ಟಿ. ಅದೇ ಅಕ್ಟೋಬರ್ ಕೊನೆಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ಗುಕೇಶ್ ನಕಮುರ ಅವರನ್ನು ಸೋಲಿಸಿ ಕಾಯಿಗಳನ್ನು ಶಾಂತವಾಗಿ ಜೋಡಿಸಿಟ್ಟಾಗ ಇಲ್ಲಿ ಸೇಡು, ಸಂಸ್ಕಾರ ಎಂದು ತಲೆಬರಹಗಳು ಕುಣಿದವು. ಗುಕೇಶ್ ಪಂದ್ಯ ಮುಗಿದ ಮೇಲೆ ಯಾವಾಗಲೂ ಕಾಯಿ ಜೋಡಿಸುತ್ತಾರೆ. ಅದು ಅವರ ಅಭ್ಯಾಸ, ಯಾರ ಮುಖಕ್ಕೂ ಹೊಡೆದದ್ದಲ್ಲ. ಆ ಟೂರ್ನಿಯನ್ನು ಕಾರ್ಲ್ಸನ್ ಗೆದ್ದರು, ನಾಲ್ವರಲ್ಲಿ ಗುಕೇಶ್ ಕೊನೆಯವರಾದರು ಎಂಬುದನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಯಾರಾದರೂ ಓದಿದಿರಾ?

ಆಮೇಲಿನ ಕ್ಯಾಂಡಿಡೇಟ್ಸ್‌ಗೆ ಬೇಕಿದ್ದ 40 ಪಂದ್ಯಗಳ ಲೆಕ್ಕ ತುಂಬಲು ನಕಮುರ ಲೂಸಿಯಾನ, ಅಯೋವಾಗಳ ಸಣ್ಣ ಟೂರ್ನಿಗಳಲ್ಲಿ ಸಾಮಾನ್ಯ ಆಟಗಾರರ ಜೊತೆ ಆಡಿದರು ಎಂಬ ದೂರೂ ಇದೆ. ಆಡಿದರು, ಏನೀಗ? 40 ಪಂದ್ಯ ಎಂದು ನಿಯಮ ಬರೆದದ್ದು ಫಿಡೆ. ಎಷ್ಟೇ ದುರ್ಬಲರನ್ನು ಸೋಲಿಸಿದರೂ ಒಂದಿಷ್ಟು ಅಂಕ ಕೊಡುವ 400 ಅಂಕಗಳ ರಿಯಾಯಿತಿಯನ್ನು 2650ರ ಮೇಲಿನವರಿಗೆ ನಡುವೆಯೇ ಕಿತ್ತುಹಾಕಿದ್ದೂ ಫಿಡೆ. ನಿಯಮದ ತೂತು ಮುಚ್ಚಿ, ಆಡಿದವನನ್ನೇಕೆ ಬೈಯುತ್ತೀರಿ? ಅಯೋವಾದ ಹವ್ಯಾಸಿಯೊಬ್ಬರಿಗೆ ವಿಶ್ವದ ಎರಡನೇ ಆಟಗಾರನ ಎದುರು ಕೂರುವ ಯೋಗ ಬಂದದ್ದರಲ್ಲಿ ಚೆಸ್‌ಗೆ ಆದ ನಷ್ಟ ಯಾವುದೋ ನನಗಂತೂ ಕಾಣದು.

ಇನ್ನು ಆನ್‌ಲೈನ್ ಮೋಸದ ಬಗ್ಗೆ ನಮಗಿರುವ ಕಾಳಜಿ ಎಷ್ಟು ಆಳವಾದದ್ದು ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2021ರ ಜೂನ್‌ನಲ್ಲಿ, ಕೋವಿಡ್ ನೆರವಿಗಾಗಿ ಬೆಂಗಳೂರಿನ ಅಕ್ಷಯ ಪಾತ್ರ ಸಂಸ್ಥೆಗೆ ಹಣ ಕೂಡಿಸಲು ನಡೆದ ಆನ್‌ಲೈನ್ ಆಟದಲ್ಲಿ ನಮ್ಮ ಊರಿನ ಉದ್ಯಮಿ ನಿಖಿಲ್ ಕಾಮತ್ ಅವರು ವಿಶ್ವನಾಥನ್ ಆನಂದ್ ಅವರನ್ನು ಸೋಲಿಸಿದರು. ಆಟವನ್ನು ವಿಶ್ಲೇಷಿಸುವವರ, ಕಂಪ್ಯೂಟರುಗಳ ನೆರವು ಪಡೆದಿದ್ದೆ ಎಂದು ಆಮೇಲೆ ಒಪ್ಪಿ ಕ್ಷಮೆ ಕೇಳಿದರು. ಇಲ್ಲಿ ಅನುಮಾನವಿಲ್ಲ, ಶೇಕಡಾವಾರು ಲೆಕ್ಕವಿಲ್ಲ, ಒಪ್ಪಿಗೆಯೇ ಇದೆ. ನಾವು ಏನು ಮಾಡಿದೆವು? ನಾಲ್ಕು ದಿನ ಮೀಮ್ ಹಂಚಿ ನಕ್ಕೆವು, ಪಾಪ ಒಳ್ಳೆ ಕೆಲಸಕ್ಕೆ ಮಾಡಿದ್ದಲ್ವಾ ಎಂದೆವು. ತನ್ನೆದುರಿನ ಸ್ಥಿತಿಯನ್ನಷ್ಟೇ ನೋಡಿ ಆಡಿದೆ, ಉಳಿದವರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂದು ಆನಂದ್ ಎರಡು ಸಾಲು ಬರೆದು ಸುಮ್ಮನಾದರು. ಮುಚ್ಚಿದ್ದ ಕಾಮತ್ ಅವರ ಖಾತೆಯನ್ನು ಚೆಸ್ ಡಾಟ್ ಕಾಮ್ ಮತ್ತೆ ತೆರೆದುಕೊಟ್ಟಿತು.